ಪಾಟೀ ಸವಾಲು: ಕಲಿಸುವ ರೀತಿ ಹೊರಗಿನದಾಗಬಹುದು, ಕೇಳುವ ಧಾಟಿ ನಮ್ಮದೇ ಆಗಬೇಕು

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯಲ್ಲಿ 13 ವರ್ಷದಿಂದ ವಕೀಲಿ ಮಾಡುತ್ತಿದ್ದೇನೆ. ಕಿರಿಯರಿಗೆ ಸಾಕ್ಷಿ ವಿಚಾರಣೆ ಕಲಿಸುವ ಹೊಣೆಯನ್ನು ನಮ್ಮ ವಕೀಲರ ಸಂಘ ನನಗೆ ಒಪ್ಪಿಸಿದೆ. ಅಮೆರಿಕದ ತರಬೇತಿ ವಿಡಿಯೊಗಳನ್ನೂ ಇಂಗ್ಲೆಂಡಿನ ಪಾಠಗಳನ್ನೂ ನೋಡಿದೆ. ಒಬ್ಬರು ‘ಕೊನೆಯ ಪ್ರಶ್ನೆಯನ್ನು ಕೇಳಲೇಬೇಡಿ’ ಎನ್ನುತ್ತಾರೆ, ಇನ್ನೊಬ್ಬರು ‘ನಿಮ್ಮ ವಾದವನ್ನು ಸಾಕ್ಷಿಯ ಮುಂದೆ ಇಡಲೇಬೇಕು’ ಎನ್ನುತ್ತಾರೆ. ಒಂದು ಕಡೆ ಸಾಕ್ಷಿಯನ್ನು ಕೂರಿಸಿಕೊಂಡು ದಿನಗಟ್ಟಲೆ ತಯಾರು ಮಾಡುತ್ತಾರೆ, ಇನ್ನೊಂದು ಕಡೆ ಅದು ಅಪರಾಧವೆಂಬಂತೆ ಮಾತಾಡುತ್ತಾರೆ. ಆ ವಿಡಿಯೊಗಳ ಧಾಟಿಯಲ್ಲೇ ನಮ್ಮ ಕೋರ್ಟಿನಲ್ಲಿ ಪಾಟೀ ಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ಮಾಡಿದ ಒಬ್ಬ ಜೂನಿಯರ್‌ಗೆ ಕೊನೆಗೆ ದಾಖಲೆಯಲ್ಲಿ ಸಿಕ್ಕಿದ್ದು ನಾಲ್ಕು ಸಾಲಿನ ಸಾಕ್ಷಿನುಡಿ. ಹೊರಗಿನ ಕಲಿಕೆ ನಮಗೆ ಒಗ್ಗುತ್ತದೆಯೇ? ಏನನ್ನು ತೆಗೆದುಕೊಳ್ಳಲಿ, ಏನನ್ನು ಬಿಡಲಿ?

ಉತ್ತರ: ಕಲಿಸುವ ರೀತಿಯನ್ನು ಧಾರಾಳವಾಗಿ ತೆಗೆದುಕೊಳ್ಳಿ. ಪ್ರಶ್ನೆ ಕೇಳುವ ಧಾಟಿಯನ್ನು ತೆಗೆದುಕೊಳ್ಳುವ ಮುನ್ನ ಮಾತ್ರ ಒಂದು ಸಂಗತಿಯನ್ನು ವಿಚಾರಿಸಿ: ಆ ದೇಶದಲ್ಲಿ ತೀರ್ಪು ಕೊಡುವವರು ಯಾರು, ಏನನ್ನು ಮುಂದಿಟ್ಟುಕೊಂಡು ಕೊಡುತ್ತಾರೆ? ನಿಮ್ಮ ಜೂನಿಯರ್‌ನ ನಾಲ್ಕು ಸಾಲಿಗೆ ಕಾರಣ ಅಲ್ಲಿದೆ.

ಅಮೆರಿಕದ ವಕೀಲ ಹನ್ನೆರಡು ಜನ ಜ್ಯೂರಿಗಳ, ಅಂದರೆ ತೀರ್ಪು ಕೊಡುವ ಸಾಮಾನ್ಯ ನಾಗರಿಕರ, ಮುಂದೆ ನಿಂತಿರುತ್ತಾನೆ. ಅವರು ಸಾಕ್ಷಿಯ ಮುಖ ನೋಡುತ್ತಾರೆ, ದನಿ ಕೇಳುತ್ತಾರೆ, ಉತ್ತರಕ್ಕೆ ಮುಂಚಿನ ಮೌನವನ್ನೂ ಕೇಳುತ್ತಾರೆ. ಅದೇ ದಿನವೋ ಅದೇ ವಾರವೋ ಅಂತಿಮ ವಾದ ಕೇಳಿ ಒಳಗೆ ಹೋಗಿ ನಿರ್ಧರಿಸುತ್ತಾರೆ. ಅಲ್ಲಿ ಮೊಕದ್ದಮೆ ಕಿವಿಯಲ್ಲಿ ನಡೆಯುತ್ತದೆ. ನಮ್ಮಲ್ಲಿ ನಡೆಯುವುದು ಕಾಗದದ ಮೇಲೆ. ಸಾಕ್ಷಿ ಹೇಳಿದ್ದನ್ನು ನ್ಯಾಯಾಧೀಶರು ತಮ್ಮ ಮಾತಿನಲ್ಲಿ ಕಟ್ಟಿ ಬೆರಳಚ್ಚುಗಾರರಿಗೆ ಹೇಳಿ ಬರೆಸುತ್ತಾರೆ. ಸಾಮಾನ್ಯವಾಗಿ ಅದು ಪ್ರಶ್ನೋತ್ತರವಾಗಿ ಉಳಿಯದೆ ನಿರೂಪಣೆಯಾಗುತ್ತದೆ. ವಾದ ಕೇಳುವ ಹೊತ್ತಿಗೆ ತಿಂಗಳುಗಳೋ ವರ್ಷಗಳೋ ಕಳೆದಿರುತ್ತವೆ. ಸಾಕ್ಷಿಯನ್ನು ಕಣ್ಣಾರೆ ಕಂಡ ನ್ಯಾಯಾಧೀಶರಿಗೆ ಅಷ್ಟರಲ್ಲಿ ವರ್ಗವಾಗಿರಲೂಬಹುದು. ಹಿಂದಿನವರು ದಾಖಲಿಸಿದ ಸಾಕ್ಷ್ಯದ ಮೇಲೆ ಮುಂದಿನವರು ತೀರ್ಪು ಕೊಡಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 326ನೇ ಕಲಮು ಅವಕಾಶ ಕೊಟ್ಟಿತ್ತು, ಈಗಿನ ಕಾನೂನಿನಲ್ಲೂ ಅದು ಉಳಿದಿದೆ. ಸಾಕ್ಷಿ ತಡವರಿಸಿದ್ದು, ಬೆವರು ಒರೆಸಿಕೊಂಡದ್ದು, ಫಿರ್ಯಾದಿಯ ಕಡೆ ಕಣ್ಣು ಹಾಯಿಸಿದ್ದು ಯಾವುದೂ ಆ ಹಾಳೆಗೆ ತಾನಾಗಿ ಇಳಿಯುವುದಿಲ್ಲ. ಇಳಿಯುವುದು ‘ಎಂದರೆ ಸರಿ’ ಮತ್ತು ‘ಎಂದರೆ ಸರಿಯಲ್ಲ’.

ಈ ಎರಡು ನುಡಿಗಟ್ಟುಗಳ ಸುತ್ತಲೇ ನಿಮ್ಮ ಪಾಠಕ್ರಮವನ್ನು ಕಟ್ಟಬಹುದು. ಕರ್ನಾಟಕದ ಯಾವುದೇ ವಿಚಾರಣಾ ನ್ಯಾಯಾಲಯದ ಸಾಕ್ಷಿನುಡಿ ತೆರೆದರೂ ಪಾಟೀ ಸವಾಲಿನ ಭಾಗ ಹೀಗೇ ಇರುತ್ತದೆ: ‘ಘಟನೆ ನಡೆದ ರಾತ್ರಿ ಬೀದಿ ದೀಪ ಇರಲಿಲ್ಲ ಎಂದರೆ ಸರಿ. ನಾನು ಆರೋಪಿಯನ್ನು ನೋಡಿಯೇ ಇಲ್ಲ ಎಂದರೆ ಸರಿಯಲ್ಲ.’ ‘ಒಂದು ಪ್ರಶ್ನೆಗೆ ಒಂದೇ ಸಂಗತಿ’ ಎಂಬ ಅಮೆರಿಕದ ಪಾಠ ಹುಟ್ಟಿದ್ದು ಜ್ಯೂರಿಯ ಕಿವಿಗಾಗಿ. ನಮ್ಮಲ್ಲಿ ಅದರ ಬೆಲೆ ಇನ್ನೂ ಹೆಚ್ಚು. ‘ರಾತ್ರಿ ಕತ್ತಲಿತ್ತು, ನೀವು ದೂರದಲ್ಲಿದ್ದಿರಿ, ಮುಖ ಕಾಣಲಿಲ್ಲ, ಅಲ್ವಾ?’ ಎಂದು ನಿಮ್ಮ ಜೂನಿಯರ್ ಒಂದೇ ಉಸಿರಿಗೆ ಕೇಳಿದ ಎನ್ನಿ. ಸಾಕ್ಷಿ ‘ಇಲ್ಲ ರೀ’ ಎಂದ. ಮೂರೂ ಸೇರಿ ಒಂದೇ ‘ಎಂದರೆ ಸರಿಯಲ್ಲ’ ಆಯಿತು. ಸಾಕ್ಷಿ ಅಲ್ಲಗಳೆದದ್ದು ಕತ್ತಲನ್ನೋ, ದೂರವನ್ನೋ, ಮುಖವನ್ನೋ? ಮೇಲ್ಮನವಿಯಲ್ಲಿ ಓದುವವರಿಗೆ ತಿಳಿಯುವುದಿಲ್ಲ. ಬಿಡಿಸಿ ಕೇಳಿದ್ದರೆ ಎರಡು ‘ಸರಿ’ ಸಿಕ್ಕಿ, ಮೂರನೆಯ ‘ಸರಿಯಲ್ಲ’ ತಾನಾಗಿಯೇ ದುರ್ಬಲವಾಗಿ ಕಾಣುತ್ತಿತ್ತು.

ವಿಡಿಯೊದಲ್ಲಿ ಕಂಡ ದನಿಯ ಏರಿಳಿತ, ನಾಟಕೀಯ ನಿಲುಗಡೆ, ಸಾಕ್ಷಿಯತ್ತ ನಡೆದು ಹೋಗುವುದು, ಹುಬ್ಬು ಹಾರಿಸುವುದು, ಇವನ್ನೆಲ್ಲ ಬಿಡಿ. ಇವು ಕೆಟ್ಟವೆಂದಲ್ಲ, ಆದರೆ ನಮ್ಮಲ್ಲಿ ಇವು ಎಲ್ಲಿಯೂ ದಾಖಲಾಗುವುದಿಲ್ಲ. ಬದಲಿಗೆ ಕಿರಿಯರಿಗೆ ಬರೆಸುವುದನ್ನು ಕಲಿಸಿ. ಪ್ರಶ್ನೆಯ ಪದಗಳೇ ಮುಖ್ಯವಾದ ಕಡೆ ‘ಈ ಭಾಗವನ್ನು ಪ್ರಶ್ನೋತ್ತರವಾಗಿ ದಾಖಲಿಸಬೇಕೆಂದು ಕೋರುತ್ತೇನೆ’ ಎಂದು ಎದ್ದು ನಿಂತು ಕೇಳುವುದನ್ನು ಕಲಿಸಿ. ಹಾಗೆ ಬರೆಸುವ ವಿವೇಚನೆಯನ್ನು ಕಾನೂನು ನ್ಯಾಯಾಧೀಶರಿಗೆ ಕೊಟ್ಟಿದೆ. ಕೇಳುವವರೇ ಕಡಿಮೆ. ಸಾಕ್ಷಿಯ ವರ್ತನೆ ಗಮನಾರ್ಹವಾಗಿದ್ದರೆ ಅದನ್ನು ಟಿಪ್ಪಣಿ ಮಾಡುವಂತೆಯೂ ಕೋರಬಹುದು. ನ್ಯಾಯಾಧೀಶರು ಬರೆಸುವಾಗ ಬಾಯಿ ಮುಚ್ಚಿ ಕೇಳುವುದು, ತಪ್ಪಿದ ಕಡೆ ಆಗಲೇ ವಿನಯದಿಂದ ತಿದ್ದಿಸುವುದು, ಇವೂ ಕಲಿಯಬೇಕಾದ ಕೌಶಲಗಳೇ. ಯಾವ ಹೊರದೇಶದ ಪಠ್ಯದಲ್ಲೂ ಇವು ನನಗೆ ಸಿಕ್ಕಿಲ್ಲ.

ಕಾಗದದಿಂದ ಕಿವಿಗೆ ಹೊರಳಿದ ದೇಶಗಳನ್ನು ನೋಡಿದರೆ ನಮ್ಮ ಸ್ಥಿತಿ ಇನ್ನೂ ಸ್ಪಷ್ಟವಾಗುತ್ತದೆ. ಜಪಾನಿನ ಕ್ರಿಮಿನಲ್ ವಿಚಾರಣೆಯಲ್ಲಿ ಬಹುಕಾಲ ತನಿಖೆಯ ಹೇಳಿಕೆಗಳ ಕಡತಕ್ಕೇ ತೂಕ. ನ್ಯಾಯಾಧೀಶರು ಕೊಠಡಿಯಲ್ಲಿ ಕೂತು ಅದನ್ನು ಓದುತ್ತಿದ್ದರು, ವಕೀಲರು ಓದುವವರಿಗಾಗಿ ಬರೆಯುತ್ತಿದ್ದರು. 2009ರ ಮೇ ತಿಂಗಳಲ್ಲಿ ಸೈಬಾನ್-ಇನ್ ಪದ್ಧತಿ ಜಾರಿಗೆ ಬಂತು. ಗಂಭೀರ ಅಪರಾಧಗಳಲ್ಲಿ ಮೂವರು ವೃತ್ತಿನಿರತ ನ್ಯಾಯಾಧೀಶರ ಜೊತೆ ಆರು ಜನ ಸಾಮಾನ್ಯ ನಾಗರಿಕರು ಕೂರತೊಡಗಿದರು. ಅಂಗಡಿಯವರಿಗೆ, ಗೃಹಿಣಿಯರಿಗೆ ಕಡತ ಓದಿ ತರಲು ಹೇಳುವಂತಿಲ್ಲವಲ್ಲ, ಹಾಗಾಗಿ ಅನುಭವಿ ವಕೀಲರೂ ಬಾಯಿಬಿಟ್ಟು ಕಥೆ ಹೇಳುವುದನ್ನು ಹೊಸದಾಗಿ ಕಲಿಯಬೇಕಾಯಿತು. ಚಿಲಿ ದೇಶದ್ದು ಇನ್ನೂ ದೊಡ್ಡ ಬದಲಾವಣೆ. ಲಿಖಿತ ವಿಚಾರಣೆಯನ್ನು ಬಿಟ್ಟು ಮೌಖಿಕ ವಿಚಾರಣೆಗೆ ಹೋಗಲು ಅವರು 2000ದ ಡಿಸೆಂಬರ್‌ನಲ್ಲಿ ಎರಡು ಪ್ರಾಂತ್ಯಗಳಿಂದ ಶುರುಮಾಡಿ, 2005ರ ಜೂನ್‌ನಲ್ಲಿ ಕೊನೆಯದಾಗಿ ರಾಜಧಾನಿ ಸಾಂತಿಯಾಗೊಗೆ ಬಂದರು. ತರಾತುರಿ ಮಾಡದೆ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಕಲಿಯುತ್ತಾ ಹೋದದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಅಲ್ಲಿ ಕೇಳುವವರು ಜ್ಯೂರಿ ಅಲ್ಲ, ಮೂವರು ನ್ಯಾಯಾಧೀಶರು. ಅಮೆರಿಕದ ತಂತ್ರವನ್ನು ತಂದುಕೊಂಡರೂ ಜ್ಯೂರಿಗಾಗಿ ಇದ್ದ ಅಲಂಕಾರವನ್ನು ಕಳಚಲೇಬೇಕಿತ್ತು. ನೀವು ಮಾಡಬೇಕಾದ್ದೂ ಇಂಥದೇ ಕೆಲಸ, ದಿಕ್ಕು ಮಾತ್ರ ಬೇರೆ.

ಇನ್ನು ನಿಮ್ಮನ್ನು ಗೊಂದಲಕ್ಕೆ ಬೀಳಿಸಿದ ಎರಡು ಮಾತುಗಳು.

‘ಕೊನೆಯ ಪ್ರಶ್ನೆ ಕೇಳಬೇಡಿ’ ಎನ್ನುವ ಅಮೆರಿಕದ ವಕೀಲ ತನ್ನ ವ್ಯವಸ್ಥೆಯಲ್ಲಿ ಸರಿಯಾಗಿಯೇ ಹೇಳುತ್ತಾನೆ. ಕತ್ತಲಿತ್ತು, ಐವತ್ತು ಹೆಜ್ಜೆ ದೂರ, ಕನ್ನಡಕ ಇರಲಿಲ್ಲ, ಇಷ್ಟನ್ನು ಒಪ್ಪಿಸಿಕೊಂಡು ಕೂತುಬಿಟ್ಟರೆ, ‘ಹಾಗಾದರೆ ಮುಖ ಕಂಡಿರಲಾರದು’ ಎಂಬುದನ್ನು ಅಂತಿಮ ವಾದದಲ್ಲಿ ಜ್ಯೂರಿಗೆ ಹೇಳಿಕೊಳ್ಳಬಹುದು. ಸಾಕ್ಷಿಯನ್ನೇ ಕೇಳಿದರೆ ವಿವರಣೆ ಕೊಡಲು ದಾರಿ ಮಾಡಿಕೊಟ್ಟಂತೆ. ಇಂಗ್ಲೆಂಡಿನಲ್ಲಿ ಮಾತ್ರ 1893ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಬ್ರೌನ್ ವಿರುದ್ಧ ಡನ್ ಪ್ರಕರಣ ಬೇರೆ ದಾರಿ ಹಾಕಿತು: ಸಾಕ್ಷಿ ಸುಳ್ಳು ಹೇಳುತ್ತಿದ್ದಾನೆಂದು ನೀವು ಆಮೇಲೆ ವಾದಿಸುವವರಿದ್ದರೆ ಅದನ್ನು ಅವನ ಮುಂದೆಯೇ ಇಟ್ಟು ಉತ್ತರಿಸಲು ಅವಕಾಶ ಕೊಡಬೇಕು. ಆಸ್ಟ್ರೇಲಿಯಾ ಮತ್ತು ಭಾರತ ಈ ದಾರಿಯಲ್ಲೇ ನಡೆದಿವೆ. ನಮ್ಮ ಪಾಟೀ ಸವಾಲಿನ ಕೊನೆಯಲ್ಲಿ ಬರುವ ‘ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂಬ ಸಾಲಿನ ಬೇರು ಇದೇ. ಆದ್ದರಿಂದ ಹಾವೇರಿಯಲ್ಲಿ ನೀವು ಇಂಗ್ಲೆಂಡಿನ ಮಾತನ್ನೇ ಕಲಿಸಬೇಕು.

ಇನ್ನೊಂದು ವ್ಯತ್ಯಾಸವೂ ಇದೆ. ಅಮೆರಿಕದ ಫೆಡರಲ್ ನಿಯಮಗಳಲ್ಲಿ ಪಾಟೀ ಸವಾಲು ಸಾಮಾನ್ಯವಾಗಿ ಮುಖ್ಯ ವಿಚಾರಣೆಯ (ಸಾಕ್ಷಿಯನ್ನು ಕರೆಸಿದ ಕಡೆಯವರು ಮೊದಲು ಕೇಳುವುದರ) ವಿಷಯ ಹಾಗೂ ಸಾಕ್ಷಿಯ ನಂಬಲರ್ಹತೆಗೆ ಸೀಮಿತ. ನಮ್ಮಲ್ಲಿ 1872ರ ಸಾಕ್ಷ್ಯ ಅಧಿನಿಯಮದ 138ನೇ ಕಲಮಿನಿಂದ ಹಿಡಿದು 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದವರೆಗೆ ಆ ಮಿತಿ ಇಲ್ಲ. ಸಂಗತಿ ಪ್ರಸ್ತುತವಾಗಿದ್ದರೆ ಸಾಕು.

ಆದರೆ ಹೀಗೆ ತನ್ನ ವಾದವನ್ನು ಸಾಕ್ಷಿಯ ಮುಂದೆ ಇಡುವುದು, ಅಂದರೆ ‘ಸಲಹೆ’ ಹಾಕುವುದು, ನಮ್ಮಲ್ಲಿ ಒಂದು ಸಂಧ್ಯಾವಂದನೆಯಂತಾಗಿಬಿಟ್ಟಿದೆ. ಅರ್ಥ ಗಮನಿಸದೆ ಹತ್ತು ಸಲಹೆ ಹಾಕಿ ‘ಪಾಟೀ ಸವಾಲು ಮುಗಿಯಿತು’ ಎಂದು ಕೂರುತ್ತಾರೆ. ಇದು ಅಪಾಯ. ಆರೋಪಿಯ ಪರ ವಕೀಲರು ಹಾಕಿದ ಸಲಹೆ ಆರೋಪಿಯನ್ನೇ ಸಿಕ್ಕಿಸುವಂತಿದ್ದರೆ ಅದು ಅವನನ್ನು ಕಟ್ಟಿಹಾಕುತ್ತದೆ ಎಂದು 2023ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಒಂದು ಕೊಲೆ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ‘ನನ್ನ ಕಕ್ಷಿದಾರ ಅಲ್ಲಿರಲೇ ಇಲ್ಲ’ ಎನ್ನುವುದು ನಿಮ್ಮ ವಾದ. ಜೂನಿಯರ್ ಮಾತಿನ ಭರದಲ್ಲಿ ‘ಮೊದಲು ಕೋಲೆತ್ತಿದ್ದು ನೀವೇ, ಅವರು ತಡೆದರು ಅಷ್ಟೇ, ಅಲ್ಲವೇ?’ ಎಂದುಬಿಟ್ಟರೆ, ಆ ಒಂದು ವಾಕ್ಯ ಆರೋಪಿಯನ್ನು ಸ್ಥಳದಲ್ಲಿ ತಂದು ನಿಲ್ಲಿಸುತ್ತದೆ. ಸಲಹೆಗಳನ್ನು ಮೊದಲೇ ಬರೆದು ತಂದು, ಒಂದೊಂದನ್ನೂ ತನ್ನ ವಾದದ ಎದುರು ಹಿಡಿದು ನೋಡುವ ಅಭ್ಯಾಸ ಮಾಡಿಸಿ.

ಸಾಕ್ಷಿಯನ್ನು ತಯಾರು ಮಾಡುವ ವಿಷಯದಲ್ಲಿ ದೇಶಗಳ ನಡುವಿನ ಕಂದರ ಇನ್ನೂ ಆಳ. ಅಮೆರಿಕದಲ್ಲಿ ಸಾಕ್ಷಿಯ ಜೊತೆ ಕೂತು ಪ್ರಶ್ನೆಗಳನ್ನು ಅಭ್ಯಾಸ ಮಾಡಿಸದ ವಕೀಲನನ್ನು ಸೋಮಾರಿ ಎನ್ನುತ್ತಾರೆ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2005ರಲ್ಲಿ ಸಾಕ್ಷಿಗೆ ಕೋರ್ಟಿನ ಕಟ್ಟಡ, ಕ್ರಮ, ಕಟಕಟೆ ಪರಿಚಯಿಸಬಹುದು, ಅವರ ಸಾಕ್ಷ್ಯವನ್ನು ಅಭ್ಯಾಸ ಮಾಡಿಸಕೂಡದು ಎಂದು ಗೆರೆ ಎಳೆಯಿತು. ಈ ಎರಡು ಸಂಪ್ರದಾಯದವರು ಒಂದೇ ಛಾವಣಿಯಡಿ ಕೂಡಿದಾಗ ಏನಾಯಿತು ನೋಡಿ: ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಮೊದಲ ವಿಚಾರಣೆಯಲ್ಲಿ, 2007ರಲ್ಲಿ, ಪೀಠ ಇಂಥ ತಯಾರಿಯನ್ನು ನಿಷೇಧಿಸಿತು. ರುವಾಂಡ ಮತ್ತು ಯುಗೊಸ್ಲಾವಿಯ ನ್ಯಾಯಮಂಡಳಿಗಳಲ್ಲಿ ಅದಕ್ಕೆ ಅನುಮತಿ ಇತ್ತು. 2013ರಲ್ಲಿ ಕೀನ್ಯಾದ ಪ್ರಕರಣಗಳಲ್ಲಿ ಅದೇ ಹೇಗ್‌ನ ಇನ್ನೊಂದು ಪೀಠ ನಿಯಮಗಳೊಂದಿಗೆ ಒಪ್ಪಿಕೊಂಡಿತು. ಅಂದರೆ ಒಂದೇ ಸಂಸ್ಥೆಯೊಳಗೂ ಒಮ್ಮತ ಇರಲಿಲ್ಲ. ನಮ್ಮಲ್ಲಿ ‘ಹೇಳಿಕೊಟ್ಟ ಸಾಕ್ಷಿ’ ಎಂಬ ಮಾತೇ ಸಾಕ್ಷಿಯನ್ನು ಕೊಲ್ಲುತ್ತದೆ. ಆದರೂ ಮೊದಲ ಬಾರಿ ಕೋರ್ಟು ಮೆಟ್ಟಿಲು ಹತ್ತುವ ಹೆಣ್ಣುಮಗಳಿಗೆ ಯಾರು ಎಲ್ಲಿ ಕೂರುತ್ತಾರೆ, ಪ್ರಶ್ನೆ ಅರ್ಥವಾಗದಿದ್ದರೆ ‘ತಿಳೀಲಿಲ್ಲ’ ಎನ್ನಬಹುದು, ನೆನಪಿಲ್ಲದ್ದನ್ನು ‘ನೆನಪಿಲ್ಲ’ ಎನ್ನಬಹುದು, ಇಷ್ಟನ್ನು ಹೇಳುವುದು ತಪ್ಪಲ್ಲ, ಕರ್ತವ್ಯ. ಕಿರಿಯರಿಗೆ ಈ ಗೆರೆಯನ್ನು ಮೊದಲ ದಿನವೇ ತೋರಿಸಿ.

ಈಗ ಧಾರಾಳವಾಗಿ ತೆಗೆದುಕೊಳ್ಳಿ ಎಂದೆನಲ್ಲ, ಅದರ ಬಗ್ಗೆ. ಭಾಷಣದಿಂದ ಪಾಟೀ ಸವಾಲು ಬರುವುದಿಲ್ಲ, ಮಾಡಿ ಕಲಿಯಬೇಕು ಎಂಬುದನ್ನು ವ್ಯವಸ್ಥಿತವಾಗಿ ನಡೆಸಿಕೊಂಡು ಬಂದದ್ದು 1971ರಲ್ಲಿ ಅಮೆರಿಕದಲ್ಲಿ ಹುಟ್ಟಿದ ನೀಟಾ ಎಂಬ ವಕೀಲರ ತರಬೇತಿ ಸಂಸ್ಥೆ. ಅದನ್ನು ಬೇರೆ ದೇಶಗಳಿಗೆ ಹೊತ್ತೊಯ್ಯಬಲ್ಲಷ್ಟು ಚಿಕ್ಕ, ಗಟ್ಟಿ ರೂಪಕ್ಕೆ ತಂದವರು ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದ ಜಾರ್ಜ್ ಹ್ಯಾಂಪೆಲ್. ಲಂಡನ್ನಿನ ಇನ್ಸ್ ಆಫ್ ಕೋರ್ಟ್ ಎಂಬ ವಕೀಲರ ಸಂಘಗಳು ಅದನ್ನೇ ಅಳವಡಿಸಿಕೊಂಡವು. ಆರು ಹೆಜ್ಜೆಗಳು. ಕಲಿಯುವವರು ಐದಾರು ನಿಮಿಷ ಪ್ರಶ್ನೆ ಕೇಳುತ್ತಾರೆ. ಆಮೇಲೆ, ಮೊದಲ ಹೆಜ್ಜೆಯಾಗಿ, ಗುರು ಒಂದೇ ಒಂದು ವಿಷಯವನ್ನು ಎತ್ತಿಕೊಂಡು ಅದಕ್ಕೆ ಹೆಸರು ಕೊಡುತ್ತಾನೆ. ಅವರು ಆಡಿದ ಪದಗಳನ್ನೇ, ಬರೆದುಕೊಂಡ ಚೀಟಿಯಿಂದ, ಹಾಗ್ಹಾಗೇ ಓದಿ ಹೇಳುತ್ತಾನೆ. ಅದು ಯಾಕೆ ತೊಡಕು ಎನ್ನುತ್ತಾನೆ. ಸರಿಮಾಡುವ ದಾರಿ ಹೇಳುತ್ತಾನೆ. ತಾನೇ ಎದ್ದು ಮಾಡಿ ತೋರಿಸುತ್ತಾನೆ. ಕೊನೆಗೆ ಅವರಿಂದಲೇ ಮತ್ತೆ ಮಾಡಿಸುತ್ತಾನೆ. ಮೂರು ನಾಲ್ಕು ನಿಮಿಷದಲ್ಲಿ ಮುಗಿಯಬೇಕು.

ಸಂಗೀತ ಪಾಠಕ್ಕೆ ಹೋದವರಿಗೆ ಇದು ಹೊಸದೆನಿಸದು. ತಪ್ಪಿದ ಸಂಗತಿಯನ್ನು ಗುರು ಹಾಡಿ ತೋರಿಸಿ, ಶಿಷ್ಯನಿಂದ ಹಾಡಿಸಿ, ಮುಂದಕ್ಕೆ ಹೋಗುತ್ತಾರೆ. ಇಡೀ ರಾಗದ ತಪ್ಪುಗಳನ್ನು ಪಟ್ಟಿ ಮಾಡುವುದಿಲ್ಲ. ನಮ್ಮ ವಕೀಲರ ಕಾರ್ಯಾಗಾರಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ದೋಷ ಇದೇ: ಹಿರಿಯರು ಇಪ್ಪತ್ತು ನಿಮಿಷ ತಮ್ಮ ಹಳೆಯ ಗೆಲುವಿನ ಕಥೆ ಹೇಳಿ, ಕಿರಿಯರ ಹತ್ತು ತಪ್ಪು ಎಣಿಸಿ, ಊಟಕ್ಕೆ ಬಿಡುತ್ತಾರೆ. ಮತ್ತೆ ಮಾಡಿಸುವುದಿಲ್ಲ. ಆರನೆಯ ಹೆಜ್ಜೆ ಇಲ್ಲದಿದ್ದರೆ ಉಳಿದ ಐದೂ ವ್ಯರ್ಥ. ಕಾನೂನು ಕಾಲೇಜುಗಳ ಅಣಕು ನ್ಯಾಯಾಲಯವೂ ಈ ಕೊರತೆ ತುಂಬುವುದಿಲ್ಲ, ಯಾಕೆಂದರೆ ಅಲ್ಲಿ ಹೆಚ್ಚಾಗಿ ಅಭ್ಯಾಸವಾಗುವುದು ಮೇಲ್ಮನವಿಯ ವಾದ. ಸಾಕ್ಷಿಯೇ ಇರುವುದಿಲ್ಲ. ತಾಳಮದ್ದಳೆಯ ಅರ್ಥಧಾರಿಯಂತೆ ಮಾತು ಬಲ್ಲ ಹುಡುಗ ಹುಡುಗಿಯರು ಅಲ್ಲಿಂದ ಬರುತ್ತಾರೆ. ಪಾಟೀ ಸವಾಲಿನಲ್ಲಿ ಬೇಕಾದದ್ದು ಅದರ ಉಲ್ಟಾ: ತಾನು ಕಡಿಮೆ ಮಾತಾಡಿ, ಸಾಕ್ಷಿಯ ಉತ್ತರವನ್ನು ಕಿವಿಗೊಟ್ಟು ಕೇಳುವುದು.

ಎರಡನೆಯ ಹೆಜ್ಜೆ, ಅಂದರೆ ಆಡಿದ ಪದವನ್ನೇ ಓದಿ ಹೇಳುವುದು, ನಮಗೆ ವಿಶೇಷವಾಗಿ ಬೇಕು. ಯಾಕೆಂದರೆ ಭಾಷೆ ಮತ್ತು ಸಂಸ್ಕೃತಿ ನುಸುಳುವುದು ಪದದಲ್ಲಿ. ಈ ವಿಷಯದಲ್ಲಿ ನಾನು ಎಲ್ಲ ತರಬೇತಿಯಲ್ಲೂ ಹೇಳುವ ಒಂದು ಪ್ರಕರಣವಿದೆ. 1994ರ ಮೇ ತಿಂಗಳ ಒಂದು ರಾತ್ರಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಆರು ಜನ ಪೊಲೀಸರು 12, 13, 14 ವಯಸ್ಸಿನ ಮೂವರು ಮೂಲನಿವಾಸಿ ಹುಡುಗರನ್ನು ಕಾರುಗಳಲ್ಲಿ ಕೂರಿಸಿ, ಊರಾಚೆಯ ಪಿಂಕೆನ್ಬಾ ಎಂಬ ನಿರ್ಜನ ಜಾಗದಲ್ಲಿ ಬಿಟ್ಟು ಬಂದರು. ಪೊಲೀಸರ ಮೇಲೆ ಆರೋಪ ಬಂತು. ಮರುವರ್ಷ ವಿಚಾರಣೆಯಲ್ಲಿ ಆ ಮಕ್ಕಳನ್ನು ಅನುಭವಿ ವಕೀಲರು ಪಾಟೀ ಸವಾಲಿಗೆ ತೆಗೆದುಕೊಂಡರು. ಹೋಗಲು ನಿರಾಕರಿಸಬಹುದೆಂದು ನಿನಗೆ ಗೊತ್ತಿತ್ತು, ಅಲ್ಲವೇ ಎಂಬಂಥ ಪ್ರಶ್ನೆಗಳನ್ನು ಒತ್ತಿ ಒತ್ತಿ ಕೇಳಿದರು. ಮಕ್ಕಳು ‘ಹೌದು’ ಎಂದರು. ಅವರು ತಾವಾಗಿಯೇ ಹೋದರು ಎಂದು ಮ್ಯಾಜಿಸ್ಟ್ರೇಟ್ ನಿರ್ಣಯಿಸಿದರು, ಪೊಲೀಸರ ಮೇಲಿನ ಆರೋಪ ಬಿದ್ದುಹೋಯಿತು.

ಭಾಷಾವಿಜ್ಞಾನಿ ಡಯಾನಾ ಈಡ್ಸ್ ಈ ಪ್ರಕರಣವನ್ನು ವರ್ಷಗಳ ಕಾಲ ಅಧ್ಯಯನ ಮಾಡಿದರು. ಅಧಿಕಾರದಲ್ಲಿರುವವರು ಪ್ರಶ್ನಿಸಿದಾಗ, ಒಪ್ಪಿದರೋ ಇಲ್ಲವೋ, ಅರ್ಥವಾಯಿತೋ ಇಲ್ಲವೋ, ಹೌದೆಂದುಬಿಡುವ ರೂಢಿ ಮೂಲನಿವಾಸಿಗಳಲ್ಲಿದೆ ಎಂಬುದನ್ನು ಅವರು ಅದಕ್ಕೂ ಮೊದಲೇ ಕೋರ್ಟುಗಳಿಗೆ ತಿಳಿಸಿಕೊಟ್ಟಿದ್ದರು. ಆ ರೂಢಿಗೆ ಭಾಷಾವಿಜ್ಞಾನದಲ್ಲಿ ದೊಡ್ಡ ಪಾರಿಭಾಷಿಕ ಹೆಸರಿದೆ. ಕನ್ನಡದಲ್ಲಿ ನಮಗೆ ಹಳೆಯ ಪದವೇ ಇದೆ: ಹೂಂಗುಟ್ಟುವುದು. ‘ಸಾಹೇಬರು ಕೇಳಿದ ಮೇಲೆ ಹೌದು’ ಎನ್ನುವ ಸಾಕ್ಷಿಯನ್ನು ನೀವೂ ನೋಡಿದ್ದೀರಿ. ಆ ಮೂಲನಿವಾಸಿಗಳ ನಡುವೆ ಮೌನ ಎಂದರೆ ಯೋಚನೆ, ಕಣ್ಣು ತಪ್ಪಿಸುವುದೆಂದರೆ ಗೌರವ. ನಗರದ ವಕೀಲನಿಗೆ ಎರಡೂ ಸುಳ್ಳಿನ ಗುರುತಾಗಿ ಕಾಣುತ್ತವೆ. ಹಾವೇರಿಯ ಹಳ್ಳಿಯ ಹೆಂಗಸು ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತರೂ ಅದೇ ಮಾತು. ಸೂಚಕ ಪ್ರಶ್ನೆ, ಅಂದರೆ ಬೇಕಾದ ಉತ್ತರವನ್ನು ಒಳಗೇ ಇಟ್ಟುಕೊಂಡ ಪ್ರಶ್ನೆ, ಪಾಟೀ ಸವಾಲಿನ ಮುಖ್ಯ ಆಯುಧ, ನಿಜ. ಆದರೆ ಹೂಂಗುಟ್ಟುವ ಸಾಕ್ಷಿಯ ಮೇಲೆ ಅದನ್ನು ಬಳಸಿದಾಗ ಸಿಗುವುದು ಸತ್ಯವಲ್ಲ. ಮುಖ್ಯ ವಿಚಾರಣೆ ಮಾಡುವವರು ಇದನ್ನು ಗುರುತಿಸಿ, ಪಾಟೀ ಸವಾಲಿನ ನಂತರ ತಾವು ಮತ್ತೆ ಕೇಳುವ ಮರು ವಿಚಾರಣೆಯಲ್ಲಿ ಸರಿಪಡಿಸಲು ಕಲಿಯಬೇಕು, ಪಾಟೀ ಸವಾಲು ಮಾಡುವವರು ಎಲ್ಲಿ ನಿಲ್ಲಬೇಕೆಂದು ಕಲಿಯಬೇಕು.

ರುವಾಂಡದ ಉದಾಹರಣೆ ನಮ್ಮ ಕನ್ನಡಕ್ಕೆ ಇನ್ನೂ ಹತ್ತಿರ. ಟಾಂಜಾನಿಯಾದ ಅರುಷಾದಲ್ಲಿ ರುವಾಂಡದ ನರಮೇಧವನ್ನು ವಿಚಾರಿಸುತ್ತಿದ್ದ ವಿಶ್ವಸಂಸ್ಥೆಯ ನ್ಯಾಯಮಂಡಳಿ ಟಾಬಾ ಎಂಬ ಊರಿನ ಮಾಜಿ ಆಡಳಿತಗಾರ ಅಕಾಯೆಸು ಮೇಲಿನ ಪ್ರಕರಣದಲ್ಲಿ 1998ರ ಸೆಪ್ಟೆಂಬರ್ 2ರಂದು ತೀರ್ಪು ಕೊಟ್ಟಿತು. ಸಾಕ್ಷಿಗಳದು ಕಿನ್ಯಾರುವಾಂಡ ಭಾಷೆ. ಅದು ಫ್ರೆಂಚಿಗೆ, ಅಲ್ಲಿಂದ ಇಂಗ್ಲಿಷಿಗೆ ಹೋಗುತ್ತಿತ್ತು. ಅಲ್ಲಿನವರು ನಾಜೂಕಾದ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ, ದಿನಾಂಕ, ಸಮಯ, ದೂರ, ನಕ್ಷೆಗಳಲ್ಲಿ ಅವರಿಗೆ ತೊಡಕಾಗುತ್ತದೆ, ಬಾಯಿಮಾತಿನ ಪರಂಪರೆಯಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಒಂದೇ ರೀತಿ ಹೇಳುತ್ತಾರೆ ಎಂದು ನ್ಯಾಯಾಧೀಶರು ತೀರ್ಪಿನಲ್ಲೇ ಬರೆದು, ಇದನ್ನು ಸುಳ್ಳೆಂದು ಭಾವಿಸಲಿಲ್ಲ. ಬಿಡಿಸಿ ಕೇಳಿದಾಗ ಸಾಕ್ಷಿಗಳು ಯಾವುದು ಕಂಡದ್ದು, ಯಾವುದು ಕೇಳಿದ್ದು ಎಂದು ಸ್ಪಷ್ಟವಾಗಿ ಹೇಳಿದರು.

ಕನ್ನಡದಲ್ಲಿ ಈ ಬಿಡಿಸುವಿಕೆ ಕ್ರಿಯಾಪದದ ಬಾಲದಲ್ಲೇ ಇದೆ. ‘ಹೊಡೆದ’ ಎಂದರೆ ಕಂಡದ್ದು, ‘ಹೊಡೆದನಂತೆ’ ಎಂದರೆ ಕೇಳಿದ್ದು. ನನ್ನ ಮಟ್ಟಿಗೆ ಕೋರ್ಟಿನ ಕನ್ನಡದಲ್ಲಿ ಅತ್ಯಂತ ಬೆಲೆಬಾಳುವ ಎರಡಕ್ಷರ ಈ ‘ಅಂತೆ’. ಅದು ದಾಖಲೆಗೆ ಇಳಿಯುವಾಗ ಎಷ್ಟೋ ಸಲ ಉದುರಿಹೋಗಿ ಕೇಳಿಕೆ ಸಾಕ್ಷ್ಯ ಕಣ್ಣಾರೆ ಕಂಡ ಸಾಕ್ಷ್ಯವಾಗಿಬಿಡುತ್ತದೆ. ಹೈಕೋರ್ಟಿಗೆ ಇಂಗ್ಲಿಷ್ ಅನುವಾದ ಹೋಗುವಾಗ ಉಳಿದದ್ದೂ ಉದುರುತ್ತದೆ. ಹಾಗೆಯೇ ‘ಬಂದರು’. ‘ಗೌಡರು ಕೋಲು ಹಿಡಿದು ಬಂದರು, ಬಡಿದರು’ ಎಂದರೆ ಬಂದದ್ದು ಗೌಡರೊಬ್ಬರೇ ಗೌರವದಿಂದಲೋ, ಹತ್ತು ಜನರೋ? ಐದು ಅಥವಾ ಹೆಚ್ಚು ಜನ ಇದ್ದರೆ ಮಾತ್ರ ಅಕ್ರಮ ಕೂಟವಾಗುವ ಕಾನೂನಿನಲ್ಲಿ ಈ ಬಹುವಚನ ಯಾರನ್ನಾದರೂ ಜೈಲಿಗೆ ಕಳಿಸಬಲ್ಲದು. ‘ಅಣ್ಣ’ ಒಡಹುಟ್ಟಿದವನೋ ದೊಡ್ಡಪ್ಪನ ಮಗನೋ? ‘ಮೊನ್ನೆ’ ಎಂದರೆ ಎರಡು ದಿನದ ಹಿಂದೆಯೋ ಎರಡು ತಿಂಗಳೋ? ‘ಕೂಗಳತೆ’ಯನ್ನು ಮೀಟರಿಗೆ ಇಳಿಸಿದವರು ಯಾರು, ಸಾಕ್ಷಿಯೋ ತನಿಖಾಧಿಕಾರಿಯೋ? ‘ದನ ಮನೆಗೆ ಬರೋ ಹೊತ್ತು’ ಹೇಳಿಕೆಯಲ್ಲಿ ‘ಸಂಜೆ 6.15 ಗಂಟೆ’ ಆದದ್ದು ಹೇಗೆ?

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ವಕೀಲಿಯ ಮೊದಲ ವರ್ಷಗಳಲ್ಲಿ, ಪೊಲೀಸರ ಮಹಜರಿಗೆ ಸಾಕ್ಷಿಯಾಗಿ ಸಹಿ ಮಾಡಿದ ಒಬ್ಬ ಪಂಚನನ್ನು ‘ನಿಮ್ಮೆದುರು ಮಹಜರು ಬರೆಯಲಿಲ್ಲ, ಅಲ್ಲವೇ?’ ಎಂದು ಕೇಳಿದೆ. ಆತ ‘ಹೌದು’ ಎಂದ. ನನಗೆ ಗೆದ್ದ ಸಂತೋಷ. ಬರೆಸಿಕೊಂಡದ್ದು: ‘ನನ್ನೆದುರು ಮಹಜರು ಬರೆದಿರುವುದು ನಿಜ.’ ನಾನು ಗಮನಿಸಲಿಲ್ಲ. ಕನ್ನಡದಲ್ಲಿ ನಿಷೇಧದ ಪ್ರಶ್ನೆಗೆ ‘ಹೌದು’ ಎಂದರೂ ‘ಇಲ್ಲ’ ಎಂದರೂ ‘ಬರೆಯಲಿಲ್ಲ’ ಎಂಬ ಅರ್ಥವೇ ಬರಬಹುದು. ಇಂಗ್ಲಿಷಿನಲ್ಲಿ ಯೋಚಿಸಿ ಬರೆಸುವವರಿಗೆ ‘ಹೌದು’ ತಲೆಕೆಳಗಾಗುತ್ತದೆ. ನನ್ನ ಕಕ್ಷಿದಾರನಿಗೆ ಅದರಿಂದಾದ ನಷ್ಟ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅಂದಿನಿಂದ ನಾನು ಕಲಿಸುವ ಎಲ್ಲರಿಗೂ ಒಂದೇ ನಿಯಮ: ನಿಷೇಧದಲ್ಲಿ ಕೇಳಬೇಡಿ. ‘ಮಹಜರು ಎಲ್ಲಿ ಬರೆದರು? ಠಾಣೆಯಲ್ಲಿ. ನೀವು ಸಹಿ ಮಾಡಿದ್ದು ಎಲ್ಲಿ? ಠಾಣೆಯಲ್ಲಿ.’ ಇಷ್ಟೇ ಸಾಕು. ಇದನ್ನು ಯಾರೂ ತಿರುಚಲಾರರು.

ಮಕ್ಕಳ ವಿಷಯದಲ್ಲಿ ದೇಶಗಳು ಒಂದನ್ನೊಂದು ಸಮೀಪಿಸುತ್ತಿವೆ. ಮಕ್ಕಳನ್ನು ಕೇಳುವಾಗ ಬಾಲಂಗೋಚಿ ಪ್ರಶ್ನೆಗಳನ್ನು, ಅಂದರೆ ‘ಅಲ್ವಾ’ ಎಂದು ಮುಗಿಯುವ ಪ್ರಶ್ನೆಗಳನ್ನು, ಬಿಡುವಂತೆ ಇಂಗ್ಲೆಂಡಿನ ತರಬೇತಿ ಈಗ ಒತ್ತಿ ಹೇಳುತ್ತದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕುರಿತ ನಮ್ಮ 2012ರ ಪೋಕ್ಸೊ ಕಾಯ್ದೆಯ 33ನೇ ಕಲಮಿನ ಪ್ರಕಾರ ವಕೀಲರು ಪ್ರಶ್ನೆಗಳನ್ನು ವಿಶೇಷ ನ್ಯಾಯಾಲಯಕ್ಕೆ ಕೊಡಬೇಕು, ಮಗುವನ್ನು ಕೇಳುವುದು ನ್ಯಾಯಾಧೀಶರು. ಹಾಗಾಗಿ ಇಲ್ಲಿ ಕಲಿಸಬೇಕಾದ ಕೌಶಲ ಬರವಣಿಗೆಯದು: ಏಳು ವರ್ಷದ ಮಗುವಿಗೆ ತಿಳಿಯುವ, ಇನ್ನೊಬ್ಬರ ಬಾಯಲ್ಲೂ ಅರ್ಥ ಕೆಡದ ಪ್ರಶ್ನೆ ಬರೆಯುವುದು. ಒಂದು ಇಡೀ ದಿನ ಇದಕ್ಕೆ ಮೀಸಲಿಡಿ.

ಕಲಿಸುವ ಕೋಣೆಯ ಬಗ್ಗೆಯೂ ಒಂದು ಮಾತು. ಎಲ್ಲರೆದುರು ತಪ್ಪು ತೋರಿಸುವುದು ಆಸ್ಟ್ರೇಲಿಯಾದವರಿಗೆ ಸಹಜ, ನಮಗೆ ಕಷ್ಟ. ಸೀನಿಯರ್ ಎದುರು ಅವರ ಜೂನಿಯರ್‌ನ ತಪ್ಪು ಹೇಳಿದರೆ ಸೀನಿಯರ್‌ಗೇ ಹೇಳಿದಂತಾಗುತ್ತದೆ. ಹೆಣ್ಣುಮಕ್ಕಳು ಬಾಯಿಬಿಡುವ ಮೊದಲೇ ನಗುವ ಕೋಣೆಗಳನ್ನೂ ನಾನು ನೋಡಿದ್ದೇನೆ. ನಾನು ಕಂಡುಕೊಂಡ ದಾರಿ: ಮೊದಲ ಪಾಟೀ ಸವಾಲನ್ನು ನಾನೇ ಮಾಡುತ್ತೇನೆ, ಅದರ ಒಂದು ತಪ್ಪನ್ನು ಅತ್ಯಂತ ಕಿರಿಯರಿಂದ ಹೇಳಿಸುತ್ತೇನೆ, ಆಮೇಲೆ ಎದ್ದು ತಿದ್ದಿಕೊಂಡು ಮತ್ತೆ ಮಾಡುತ್ತೇನೆ. ಸೀನಿಯರ್‌ಗಳನ್ನು ಪ್ರೇಕ್ಷಕರಾಗಿ ಕೂರಿಸದೆ ಸಾಕ್ಷಿಯ ಪಾತ್ರ ಕೊಡುತ್ತೇನೆ. ಅವರಿಗೆ ಅದು ಇಷ್ಟವಾಗುತ್ತದೆ, ಕಿರಿಯರಿಗೆ ಹೆದರಿಕೆ ಕಳೆಯುತ್ತದೆ. ಮೊಬೈಲಿನಲ್ಲಿ ಚಿತ್ರೀಕರಿಸಿದ್ದನ್ನು ಪಕ್ಕದ ಕೋಣೆಯಲ್ಲಿ ಒಬ್ಬೊಬ್ಬರಿಗೇ ತೋರಿಸಿ.

ಅಭ್ಯಾಸದ ಪ್ರಕರಣಗಳನ್ನೂ ಹೊರಗಿನಿಂದ ತರಬೇಡಿ. ಹೆದ್ದಾರಿ ಅಪಘಾತದ ಅಮೆರಿಕನ್ ಕಡತದಲ್ಲಿ ನಮ್ಮ ಕಿರಿಯರು ಊರಿನ ಹೆಸರು ಉಚ್ಚರಿಸುವುದರಲ್ಲೇ ಸುಸ್ತಾಗುತ್ತಾರೆ. ಬದುವಿನ ಜಗಳ ಬರೆಯಿರಿ: ಚೆಕ್ಕುಬಂದಿ ವಿವರ, ಕೈಬರಹದ ಮಹಜರು, ತಡವಾದ ದೂರು. ಇಲ್ಲವೇ ಚೆಕ್ ಬೌನ್ಸ್, ಅದಂತೂ ಎಲ್ಲರ ಕೈಯಲ್ಲೂ ಇರುತ್ತದೆ. ಕರ್ನಾಟಕದಿಂದಲೇ ಹೋದ ಎರಡು ಚೆಕ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಪಾಟೀ ಸವಾಲಿನ ಪಾಠದಂತಿದೆ. ಸಾಲ ಇತ್ತೆಂಬ ಪೂರ್ವಭಾವನೆ ದೂರುದಾರನ ಕಡೆಗಿದೆ ಎಂದು 2010ರಲ್ಲಿ ಹೇಳಿತು. 2019ರ ಪ್ರಕರಣದಲ್ಲಿ, ಅಷ್ಟು ಹಣ ಕೊಡುವ ಶಕ್ತಿ ದೂರುದಾರನಿಗಿತ್ತೇ ಎಂದು ಆರೋಪಿ ಪ್ರಶ್ನಿಸಿದ ಮೇಲೆ ಅದನ್ನು ತೋರಿಸುವ ಹೊಣೆ ದೂರುದಾರನದೇ ಎಂದು ಹೇಳಿ, ಆರೋಪಿಯನ್ನು ಬಿಡುಗಡೆ ಮಾಡಿತು. ಕಟಕಟೆ ಹತ್ತದೆ, ಎದುರಿನವರ ಬಾಯಿಂದಲೇ ಆ ಅನುಮಾನ ಹುಟ್ಟಿಸುವುದು ಹೇಗೆ? ಒಳ್ಳೆಯ ಅಭ್ಯಾಸ.

ಮೊದಲ ಶನಿವಾರಕ್ಕೆ ಎಂಟು ಜನಕ್ಕಿಂತ ಹೆಚ್ಚು ಬೇಡ. ಮತ್ತು ನಿಮ್ಮ ಕೋರ್ಟಿನಲ್ಲಿ ವರ್ಷಗಟ್ಟಲೆ ಸಾಕ್ಷಿನುಡಿ ಟೈಪ್ ಮಾಡಿ ನಿವೃತ್ತರಾದ ಯಾರಾದರೂ ಇದ್ದರೆ ಅವರನ್ನು ಮರೆಯದೆ ಕರೆಯಿರಿ. ಪಕ್ಕದಲ್ಲಿ ಕೂತು ಕಿರಿಯರ ಪಾಟೀ ಸವಾಲನ್ನು ಎಂದಿನಂತೆ ಅವರು ಬರೆದುಕೊಳ್ಳಲಿ. ಮುಗಿದ ಮೇಲೆ ಆ ಹಾಳೆಯನ್ನು ಇನ್ನೊಬ್ಬ ಜೂನಿಯರ್ ಕೈಗೆ, ವಿಚಾರಣೆ ನೋಡದವರ ಕೈಗೆ ಕೊಡಿ. ಅವರು ಆ ಹಾಳೆಯೊಂದರಿಂದಲೇ ಹತ್ತು ನಿಮಿಷ ಅಂತಿಮ ವಾದ ಮಾಡಲಿ. ಪ್ರಶ್ನೆ ಕೇಳಿದವರು ಹಿಂದಿನ ಬೆಂಚಿನಲ್ಲಿ ಕೂತು, ತಾವು ಗೆದ್ದೆವೆಂದುಕೊಂಡ ಉತ್ತರಗಳಲ್ಲಿ ಎಷ್ಟು ಆ ವಾದದಲ್ಲಿ ಬಂದವು ಎಂದು ಗುರುತು ಹಾಕಿಕೊಳ್ಳಲಿ.